ಹಾನಿಗೊಂಡ ಸ್ನಾಯುವಿಗೆ ಆಕರಕೋಶ: ಹೊರಗಿನಿಂದ ಚುಚ್ಚಿದ್ದು ಒಳಗೆ ನಿಲ್ಲುವುದೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗನಿಗೆ ಈಗ ಒಂಬತ್ತು ವರ್ಷ. ಅವನು ಐದು ವರ್ಷದವನಿದ್ದಾಗ ನೆಲದಿಂದ ಏಳಲು ಕೈಗಳನ್ನು ಮೊದಲು ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿಕೊಂಡು, ತನ್ನ ಮೈಯನ್ನು ತಾನೇ ಹತ್ತುವವನಂತೆ ಏಳುತ್ತಿದ್ದುದನ್ನು ನಾವೆಲ್ಲ ಸೋಮಾರಿತನವೆಂದು ನಗೆಯಾಡಿದ್ದೆವು. ಮೀನಖಂಡಗಳು ದಪ್ಪಗಿದ್ದುದನ್ನು ಕಂಡು ನಮ್ಮ ಅಮ್ಮ ಇವನು ಪೈಲ್ವಾನನಾಗುತ್ತಾನೆ ಎನ್ನುತ್ತಿದ್ದರು. ಆರು ತುಂಬುವಷ್ಟರಲ್ಲಿ ರಕ್ತಪರೀಕ್ಷೆ ಮತ್ತು ಜೀನ್ ಪರೀಕ್ಷೆಗಳಾಗಿ, ಅದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಸ್ನಾಯುಕ್ಷಯವೆಂದು ಗೊತ್ತಾಯಿತು.

ಈಗ ಹೊರರಾಜ್ಯದ ಒಂದು ಖಾಸಗಿ ಕ್ಲಿನಿಕ್ಕಿನವರು, ಹುಡುಗನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರಲ್ಲಿರುವ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ, ತೊಡೆಗೂ ಮೀನಖಂಡಕ್ಕೂ ಬೆನ್ನುಹುರಿಯ ದ್ರವಕ್ಕೂ ಚುಚ್ಚುತ್ತೇವೆ, ನಾಲ್ಕು ಸುತ್ತು ಆಗಬೇಕು ಎಂದಿದ್ದಾರೆ. ಅದಕ್ಕೆ ಬೇಕಾಗುವ ಹಣಕ್ಕಾಗಿ ಅಣ್ಣ ಒಂದೂವರೆ ಎಕರೆ ಅಡಿಕೆ ತೋಟವನ್ನು ಮಾರುವ ಮಾತಾಡುತ್ತಿದ್ದಾನೆ. ನನಗೆ ಬೇಕಾಗಿರುವುದು ಧೈರ್ಯದ ಮಾತಲ್ಲ. ಸ್ನಾಯುವಿನೊಳಗೆ ಹೋದ ಕೋಶ ಅಲ್ಲಿ ಏನು ಮಾಡುತ್ತದೆ ಎಂಬುದನ್ನು ಬಲ್ಲವರು ಹೇಳಿದರೆ ಉಪಕಾರವಾದೀತು.

ಪೊರೆಯಂಚು

ತುಂಗಾತೀರ ಅವರೇ, ನಾನು ವೈದ್ಯನಲ್ಲ. ಸ್ನಾಯುಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಪ್ರಯೋಗಾಲಯವೊಂದರಲ್ಲಿ ಏಳು ವರ್ಷ ದುಡಿದವನು. ಚಿಕಿತ್ಸೆಯ ನಿರ್ಧಾರವನ್ನು ಹುಡುಗನನ್ನು ನೋಡುತ್ತಿರುವ ನರರೋಗ ತಜ್ಞರೊಂದಿಗೆ ಕುಳಿತು ಮಾಡಿ. ಕೋಶಗಳ ವಿಷಯದಲ್ಲಿ ನನಗೆ ತಿಳಿದಿರುವುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ವಿಭಜನೆಯಾಗಿ ಹೊಸ ಕೋಶಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್ಲನ್ನೇ ನಾನು ಆಕರಕೋಶ ಎನ್ನುತ್ತೇನೆ. ಸ್ನಾಯುವನ್ನು ರಿಪೇರಿ ಮಾಡುವ ಆಕರಕೋಶ ಸ್ನಾಯುವಿನಲ್ಲಿಯೇ ಇದೆ. 1961ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಮೌರೋ ಅವರು ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ತಂತುವಿನ ಪೊರೆಗೂ ಅದರ ಹೊರಗವಸಿಗೂ ನಡುವಿನ ಸಂದಿನಲ್ಲಿ ಒತ್ತಿಕೊಂಡು ಕುಳಿತಿದ್ದ ಸಣ್ಣ ಕೋಶಗಳನ್ನು ಕಂಡು, ಅವಕ್ಕೆ ಸ್ಯಾಟಲೈಟ್ ಕೋಶಗಳೆಂದು ಹೆಸರಿಟ್ಟರು. ಸ್ನಾಯುತಂತು ಎನ್ನುವುದು ಒಂದೇ ಚೀಲದಲ್ಲಿ ನೂರಾರು ಕೋಶಕೇಂದ್ರಗಳನ್ನು ತುಂಬಿಕೊಂಡ ಉದ್ದನೆಯ ಕೊಳವೆ. ಅದು ಒಡೆದು ಎರಡಾಗಲಾರದು. ಪೆಟ್ಟು ಬಿದ್ದಾಗ ಎಚ್ಚರಗೊಂಡು, ವಿಭಜನೆಯಾಗಿ, ಒಂದರೊಡನೊಂದು ಬೆಸೆದುಕೊಂಡು ಹೊಸ ತಂತುವನ್ನು ಕಟ್ಟುವುದು ಈ ಸ್ಯಾಟಲೈಟ್ ಕೋಶಗಳ ಕೆಲಸ. ಎಚ್ಚರಗೊಂಡವುಗಳಲ್ಲಿ ಕೆಲವು ಮರಳಿ ಅದೇ ಸಂದಿಗೆ ಹೋಗಿ ಮಲಗುತ್ತವೆ. ಮುಂದಿನ ಪೆಟ್ಟಿಗೆ ಉಳಿಯುವ ಬಿತ್ತನೆ ಅದು.

ಈ ಶಕ್ತಿ ಎಷ್ಟು ದೊಡ್ಡದೆಂದು ನನಗೆ ಮನವರಿಕೆಯಾದದ್ದು ಹಾವಿನ ವಿಷದಿಂದ. ನಾಗರಹಾವಿನ ಕುಲದ ಹಾವುಗಳ ವಿಷದಿಂದ ಬೇರ್ಪಡಿಸಿದ ಕಾರ್ಡಿಯೋಟಾಕ್ಸಿನ್ ಎಂಬ ಪ್ರೋಟೀನನ್ನು ಇಲಿಯ ಕಾಲಿನ ಸ್ನಾಯುವಿಗೆ ಚುಚ್ಚಿದರೆ, ತಂತುಗಳು ಒಂದೆರಡು ದಿನದಲ್ಲಿ ಸತ್ತು ಕರಗುತ್ತವೆ. ಹೊರಗವಸು ಮತ್ತು ಸಾಕಷ್ಟು ಸ್ಯಾಟಲೈಟ್ ಕೋಶಗಳು ಮಾತ್ರ ಉಳಿಯುತ್ತವೆ. ಬಿಳಿ ರಕ್ತಕಣಗಳು ಬಂದು ಕಸ ಗುಡಿಸುತ್ತವೆ. ಮೂರು ನಾಲ್ಕು ವಾರಗಳಲ್ಲಿ ಸ್ನಾಯು ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಕೋಶಕೇಂದ್ರಗಳು ಅಂಚಿನ ಬದಲು ತಂತುವಿನ ನಡುವೆ ಸಾಲಾಗಿ ನಿಂತಿರುವುದೊಂದೇ ಅಲ್ಲಿ ಹಿಂದೆ ಹಾನಿಯಾಗಿತ್ತೆಂಬುದಕ್ಕೆ ಗುರುತು. 2011ರಲ್ಲಿ ಹಲವು ತಂಡಗಳು ಇಲಿಗಳಲ್ಲಿ ಸ್ಯಾಟಲೈಟ್ ಕೋಶಗಳನ್ನಷ್ಟೇ ಅಳಿಸಿ ಇದೇ ರೀತಿ ಗಾಯ ಮಾಡಿದಾಗ ಸ್ನಾಯು ಮರಳಿ ಕಟ್ಟಲಿಲ್ಲ. ಮೈಯಲ್ಲಿದ್ದ ಬೇರೆ ಯಾವ ಕೋಶವೂ, ಮಜ್ಜೆಯದೂ ಸೇರಿದಂತೆ, ಆ ಜಾಗವನ್ನು ತುಂಬಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಡುಶೆನ್ ಕಾಯಿಲೆಯಲ್ಲಿ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಇಲ್ಲದ ಕಾರಣ ತಂತುವಿನ ಪೊರೆ ದಿನನಿತ್ಯದ ಎಳೆತಕ್ಕೇ ಹರಿಯುತ್ತದೆ. ಹರಿದದ್ದನ್ನು ಸ್ಯಾಟಲೈಟ್ ಕೋಶಗಳು ಕಟ್ಟುತ್ತವೆ, ಕಟ್ಟಿದ್ದು ಮತ್ತೆ ಹರಿಯುತ್ತದೆ. ಆ ಕೋಶಗಳಲ್ಲಿಯೂ ಅದೇ ಜೀನಿನ ದೋಷವಿದೆ. ಡಿಸ್ಟ್ರೊಫಿನ್ ಇಲ್ಲದಿದ್ದರೆ ಅವುಗಳ ವಿಭಜನೆಯೇ ಹದ ತಪ್ಪುತ್ತದೆಂದು 2015ರಲ್ಲಿ ಒಟ್ಟಾವಾದ ಮೈಕೆಲ್ ರುಡ್ನಿಕಿ ಅವರ ತಂಡ ತೋರಿಸಿತು. ವರ್ಷಗಳು ಕಳೆದಂತೆ ಸ್ನಾಯುವಿನ ಜಾಗದಲ್ಲಿ ನಾರು ಮತ್ತು ಕೊಬ್ಬು ತುಂಬುತ್ತವೆ. ನಿಮ್ಮ ಮನೆಯವರು ಪೈಲ್ವಾನನ ಕಾಲೆಂದುಕೊಂಡ ಮೀನಖಂಡದ ದಪ್ಪದಲ್ಲಿ ಅದರ ಪಾಲೂ ಇರುತ್ತದೆ. ಬರೆಯಲು ನೋವಾಗುತ್ತದೆ, ಕ್ಷಮಿಸಿ.

ಪದಚಿಂತಕ

ವಿಷಯಕ್ಕೆ ಅಡ್ಡ ಬರುವುದಿಲ್ಲ, ಒಂದೇ ಮಾತು. ಪತ್ರಿಕೆಗಳು ಕಾಂಡಕೋಶ ಎಂದು ಬರೆಯುತ್ತವೆ. ತಾವು ಆಕರಕೋಶ ಎಂದಿದ್ದೀರಿ. ಎರಡೂ ಒಂದೇ ತಾನೇ?

ಪೊರೆಯಂಚು

ಒಂದೇ. ಗಿಡದ ಕಾಂಡಕ್ಕೂ ಇದಕ್ಕೂ ಸಂಬಂಧವಿಲ್ಲದ ಕಾರಣ ನನಗೆ ಆಕರಕೋಶವೇ ಹಿತವೆನಿಸುತ್ತದೆ. ಕ್ಲಿನಿಕ್ಕಿನ ಕಾಗದಗಳಲ್ಲಿ ಮಾತ್ರ ಸ್ಟೆಮ್ ಸೆಲ್ ಎಂದೇ ಇರುತ್ತದೆ. ಆ ಒಂದು ಹೆಸರಿನಡಿ ಹತ್ತು ಬಗೆಯ ಕೋಶಗಳನ್ನು ಮಾರಲಾಗುತ್ತದೆ.

ಹಳೇ ರೈಡರ್

ನಾನು ಕಾಲೇಜಿನ ದಿನಗಳಲ್ಲಿ ಕಬಡ್ಡಿ ಆಡುತ್ತಿದ್ದವನು. ತೊಡೆಯ ಹಿಂಭಾಗದ ಮಾಂಸಖಂಡ ಒಂದೇ ಜಾಗದಲ್ಲಿ ಮೂರು ಸಲ ಹರಿದಿದೆ. ಮೇಲಿನ ಬರಹದ ಪ್ರಕಾರ ಸ್ನಾಯು ತನ್ನನ್ನು ತಾನೇ ಕಟ್ಟಿಕೊಳ್ಳುವುದಾದರೆ, ನನ್ನದು ಏಕೆ ಮತ್ತೆ ಮತ್ತೆ ಹರಿಯಬೇಕು? ಅಲ್ಲಿಗೆ ಆಕರಕೋಶಗಳನ್ನು ಚುಚ್ಚಿದರೆ ಪ್ರಯೋಜನವಿದೆಯೇ?

ಪೊರೆಯಂಚು

ವಿಷದ ಪ್ರಯೋಗದಲ್ಲಿ ಹೊರಗವಸು ಹಾಗೆಯೇ ಉಳಿದಿರುತ್ತದೆ. ಕೋಶಗಳಿಗೆ ಅದೇ ಅಚ್ಚು. ಓಡುವಾಗ ಹರಿದ ಸ್ನಾಯುವಿನಲ್ಲಿ ಅಚ್ಚೇ ಹರಿದಿರುತ್ತದೆ, ಎರಡು ತುದಿಗಳು ದೂರ ಸರಿದಿರುತ್ತವೆ, ನಡುವೆ ನಾರಿನ ಕಲೆ ಕೂರುತ್ತದೆ. ಹಿಗ್ಗದ ಕಲೆಗೂ ಹಿಗ್ಗುವ ಸ್ನಾಯುವಿಗೂ ಕೂಡುವ ಅಂಚು ಹೊಸ ಹರಿಯುವಿಕೆಗೆ ಮೆತ್ತನೆಯ ಜಾಗ. ಅಲ್ಲಿ ಕೋಶಗಳ ಕೊರತೆಯಿಲ್ಲದ ಕಾರಣ ಇನ್ನಷ್ಟು ಕೋಶಗಳನ್ನು ಸುರಿದರೆ ಏನು ಸಿಕ್ಕೀತೆಂದು ನನಗೆ ತೋರುವುದಿಲ್ಲ. ಕ್ರಮಬದ್ಧ ವ್ಯಾಯಾಮದ ಬಗ್ಗೆ ಇಲ್ಲಿ ಫಿಸಿಯೋಥೆರಪಿ ಬಲ್ಲವರಿದ್ದರೆ ಹೇಳಲಿ.

ಇನ್ನು ತುಂಗಾತೀರ ಅವರ ಮೂಲ ಪ್ರಶ್ನೆ. ಆರೋಗ್ಯವಂತನ ಸ್ನಾಯುಕೋಶಗಳನ್ನು ತೆಗೆದು ಕಾಯಿಲೆಯ ಸ್ನಾಯುವಿಗೆ ಕಸಿ ಮಾಡಿದರೆ ಆದೀತಲ್ಲವೇ ಎಂಬ ಯೋಚನೆ ಹಳೆಯದು. 1989ರಲ್ಲಿ ಲಂಡನ್ನಿನ ಟೆರೆನ್ಸ್ ಪಾರ್ಟ್ರಿಜ್ ಮತ್ತು ಸಂಗಡಿಗರು ಡಿಸ್ಟ್ರೊಫಿನ್ ಇಲ್ಲದ ಇಲಿಗಳಿಗೆ ಹೀಗೆ ಮಾಡಿದಾಗ, ಚುಚ್ಚಿದ ಜಾಗದ ತಂತುಗಳಲ್ಲಿ ಡಿಸ್ಟ್ರೊಫಿನ್ ಕಾಣಿಸಿತು. ಜಗತ್ತಿನಾದ್ಯಂತ ಡುಶೆನ್ ಮಕ್ಕಳ ತಂದೆತಾಯಿಯರಿಗೆ ಆ ಸುದ್ದಿ ಎಂಥದಾಗಿದ್ದಿರಬೇಕೆಂದು ಊಹಿಸಬಹುದು. ಮನುಷ್ಯರಲ್ಲಿ ಬೇಗಬೇಗನೆ ಪ್ರಯೋಗಗಳು ನಡೆದವು. 1995ರಲ್ಲಿ ಜೆರ್ರಿ ಮೆಂಡೆಲ್ ಅವರ ಅಮೆರಿಕದ ತಂಡ 12 ಹುಡುಗರ ಒಂದು ತೋಳಿಗೆ, ಅವರ ತಂದೆಯ ಅಥವಾ ಅಣ್ಣತಮ್ಮಂದಿರ ಸ್ನಾಯುಕೋಶಗಳನ್ನು ತಿಂಗಳಿಗೊಮ್ಮೆ, ಆರು ತಿಂಗಳು ಚುಚ್ಚಿದ ಫಲಿತಾಂಶವನ್ನು ಪ್ರಕಟಿಸಿತು. ಒಬ್ಬ ಹುಡುಗನಲ್ಲಿ ಮಾತ್ರ ಸುಮಾರು ನೂರಕ್ಕೆ 10ರಷ್ಟು ತಂತುಗಳಲ್ಲಿ ದಾನಿಯ ಡಿಸ್ಟ್ರೊಫಿನ್ ಇತ್ತು. ತೋಳಿನ ಬಲ ಯಾರಲ್ಲಿಯೂ ಹೆಚ್ಚಲಿಲ್ಲ.

ಕಾರಣಗಳು ಆಮೇಲೆ ಒಂದೊಂದಾಗಿ ಬಿಡಿಸಿಕೊಂಡವು. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಮೂರು ದಿನದೊಳಗೆ ಸಾಯುತ್ತವೆ. ಉಳಿದವು ಸೂಜಿ ಹೋದ ದಾರಿಯಿಂದ ಕೆಲವೇ ಮಿಲಿಮೀಟರ್ ದೂರಕ್ಕಿಂತ ಹೆಚ್ಚು ಸರಿಯುವುದಿಲ್ಲ. ಬೇರೆಯವರ ಕೋಶವಾದರೆ ದೇಹ ಅದನ್ನು ಹೊರಗಿನದೆಂದು ಗುರುತಿಸಿ ಕೊಲ್ಲುತ್ತದೆ. ಇಷ್ಟಲ್ಲದೆ ಇನ್ನೊಂದು ಕಾರಣವಿದೆ, ಅದು ನನ್ನಂಥವರ ಕೈಕೆಲಸದ ಮೇಲೆಯೇ ಬರುವ ಆರೋಪ: ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದ್ದೇ ತಪ್ಪಾಗಿತ್ತು. 2005ರಲ್ಲಿ ಲಂಡನ್ನಿನ ಅದೇ ಬಳಗ, ಒಂದೇ ಒಂದು ಸ್ನಾಯುತಂತುವನ್ನು ಅದರ ಮೇಲಿದ್ದ ಏಳರಷ್ಟು ಸ್ಯಾಟಲೈಟ್ ಕೋಶಗಳ ಸಮೇತ, ತಟ್ಟೆಗೆ ಹಾಕದೆ ನೇರವಾಗಿ ಇಲಿಗೆ ಕಸಿ ಮಾಡಿತು. ಆ ಏಳರಿಂದ ನೂರಕ್ಕೂ ಹೆಚ್ಚು ಹೊಸ ತಂತುಗಳು ಹುಟ್ಟಿದವು. ತಟ್ಟೆಯಲ್ಲಿ ಬೆಳೆಸಿ ಕೋಟಿಗಟ್ಟಲೆ ಮಾಡಿಕೊಂಡ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿ, ಆಕರಕೋಶದ ಗುಣವನ್ನೇ ಕಳೆದುಕೊಂಡಿದ್ದವು.

ಗದ್ದೆಬದು

ನಾನು ಕೃಷಿಕ. ಸಸಿಮಡಿಯಲ್ಲಿ ಹೆಚ್ಚು ದಿನ ಬಿಟ್ಟ ಅಗೆಯನ್ನು ನಾಟಿ ಮಾಡಿದರೆ ಗದ್ದೆಯಲ್ಲಿ ತೆಂಡೆ ಹೊಡೆಯುವುದಿಲ್ಲವಲ್ಲ, ಇದು ಹಾಗೆಯೇ ಎಂದು ತಿಳಿದುಕೊಳ್ಳಬಹುದೇ?

ಪೊರೆಯಂಚು

ಬಹುಮಟ್ಟಿಗೆ ಹೌದು, ಮತ್ತು ಮಡಿಯ ಮಣ್ಣಿನ ಹದವೂ ಲೆಕ್ಕಕ್ಕೆ ಬರುತ್ತದೆ. ಸ್ಟ್ಯಾನ್‌ಫರ್ಡಿನ ಹೆಲೆನ್ ಬ್ಲಾವ್ ಅವರ ತಂಡ 2010ರಲ್ಲಿ, ಗಟ್ಟಿ ಪ್ಲಾಸ್ಟಿಕ್ಕಿನ ಬದಲು ನಿಜವಾದ ಸ್ನಾಯುವಿನಷ್ಟೇ ಮೆತ್ತಗಿರುವ ಜೆಲ್ ಮೇಲೆ ಕೋಶಗಳನ್ನು ಬೆಳೆಸಿದರೆ ಅವು ಕಸಿಗೆ ಯೋಗ್ಯವಾಗಿ ಉಳಿಯುತ್ತವೆಂದು ತೋರಿಸಿತು. ಆದರೆ ಗದ್ದೆಯ ಕಡೆಯೂ ನೋಡಬೇಕು. ನಾರು, ಕೊಬ್ಬು ತುಂಬಿ ಉರಿಯೂತ ಆರದ ಸ್ನಾಯುವಿಗೆ ಎಂಥ ಒಳ್ಳೆಯ ಅಗೆ ಬಿದ್ದರೂ ಬೇರೂರಲು ತಾವಿರುವುದಿಲ್ಲ.

ಸುಮ್ಮನಿರದವ

ಮೂವತ್ತು ವರ್ಷಗಳಿಂದ ಇಲಿಗಳು ಗುಣವಾಗುತ್ತಿವೆ, ಮನುಷ್ಯರು ಕಾಯುತ್ತಿದ್ದಾರೆ. ಒಬ್ಬನೇ ಒಬ್ಬ ರೋಗಿಗಾದರೂ ಸ್ನಾಯುಕೋಶದ ಕಸಿಯಿಂದ ಪ್ರಯೋಜನವಾದದ್ದುಂಟೇ? ಇದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲವೆಂದು ಬರೆಯಿರಿ.

ಪೊರೆಯಂಚು

ಉಂಟು ಎನ್ನಲು ಹತ್ತಿರವಾದದ್ದೊಂದಿದೆ. ನಡುವಯಸ್ಸು ದಾಟಿದ ಮೇಲೆ ರೆಪ್ಪೆಗಳು ಜೋತುಬಿದ್ದು, ಗಂಟಲಿನ ಸ್ನಾಯು ಸೋತು, ಅನ್ನ ನುಂಗಲಾಗದ ಸ್ಥಿತಿ ತರುವ ಒಂದು ಆನುವಂಶಿಕ ಸ್ನಾಯುಕ್ಷಯವಿದೆ. ಅದರಲ್ಲಿ ಕೈಕಾಲುಗಳ ಕೆಲವು ಸ್ನಾಯುಗಳು ಚೆನ್ನಾಗಿಯೇ ಉಳಿದಿರುತ್ತವೆ. ಪ್ಯಾರಿಸ್ಸಿನಲ್ಲಿ 12 ರೋಗಿಗಳ ಅಂಥ ಒಳ್ಳೆಯ ಸ್ನಾಯುವಿನಿಂದ ಕೋಶ ತೆಗೆದು, ಬೆಳೆಸಿ, ಅವರದೇ ಗಂಟಲಿನ ಸ್ನಾಯುವಿಗೆ ಚುಚ್ಚಿದರು. 2014ರಲ್ಲಿ ಪ್ರಕಟವಾದ ಆ ವರದಿಯಲ್ಲಿ ನುಂಗುವಿಕೆ ಸುಧಾರಿಸಿದ್ದು ದಾಖಲಾಗಿದೆ. ಜೊತೆಗೆ ಗಂಟಲಿನ ಬಿಗಿಯನ್ನು ಸಡಿಲಿಸುವ ಶಸ್ತ್ರಚಿಕಿತ್ಸೆಯೂ ನಡೆದಿದ್ದರಿಂದ, ಕೋಶಗಳ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೂ ನನ್ನ ದೃಷ್ಟಿಯಲ್ಲಿ ಅದು ಬುದ್ಧಿವಂತಿಕೆಯ ಆಯ್ಕೆ: ಚಿಕ್ಕ ಸ್ನಾಯು, ಸೂಜಿಗೆ ನಿಲುಕುವ ಜಾಗ, ಸ್ವಂತ ಕೋಶ.

ಡುಶೆನ್‌ನಲ್ಲಿ ಇದರ ಯಾವ ಅನುಕೂಲವೂ ಇಲ್ಲ. ಮೈಯಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಉಸಿರಾಟದ ವಪೆಗೆ, ಹೃದಯಕ್ಕೆ ಮಿಲಿಮೀಟರಿಗೊಂದು ಸೂಜಿ ಹಾಕಲಾಗದು. ರಕ್ತನಾಳದ ಮೂಲಕ ಕಳಿಸಬಹುದಾದ ಕೋಶಗಳಿಗಾಗಿ ಇಟಲಿಯ ಜೂಲಿಯೋ ಕೊಸ್ಸು ವರ್ಷಗಟ್ಟಲೆ ಹುಡುಕಿ, ನಾಳಗಳ ಗೋಡೆಯಲ್ಲಿ ಸಿಗುವ ಮೀಸೋಆಂಜಿಯೋಬ್ಲಾಸ್ಟ್ ಎಂಬ ಕೋಶಗಳನ್ನು ಸ್ನಾಯುಕ್ಷಯವಿದ್ದ ನಾಯಿಗಳಿಗೆ ಕೊಟ್ಟಾಗ, 2006ರ ವರದಿಯಂತೆ, ಅವುಗಳ ನಡಿಗೆ ಸುಧಾರಿಸಿತ್ತು. ಮಿಲಾನಿನಲ್ಲಿ ಐವರು ಹುಡುಗರಿಗೆ, ಹೊಂದಿಕೆಯಾದ ಅಣ್ಣತಮ್ಮಂದಿರ ಕೋಶಗಳನ್ನು ಹೀಗೆ ಕೊಟ್ಟ ಪ್ರಯೋಗದ ಫಲಿತಾಂಶ 2015ರಲ್ಲಿ ಬಂದಿತು. ಒಬ್ಬನಿಗೆ ಮಿದುಳಿನಲ್ಲಿ ಸಣ್ಣ ಆಘಾತವಾಗಿ ತೊಂದರೆಯಿಲ್ಲದೆ ಕಳೆದದ್ದನ್ನು ಬಿಟ್ಟರೆ ಮಕ್ಕಳು ಅದನ್ನು ತಡೆದುಕೊಂಡರು, ಆದರೆ ಕಾಯಿಲೆಯ ಗತಿ ಬದಲಾಯಿತೆನ್ನುವಂಥದ್ದೇನೂ ಸಿಗಲಿಲ್ಲ. ತಮ್ಮ ಕೆಲಸದ ಸೋಲನ್ನು ಅಷ್ಟು ಬಿಚ್ಚಿ ಬರೆದ ವರದಿಗಳು ಕಡಿಮೆ.

ಮಂಡಿಚಿಪ್ಪು

ನಾನು ಫಿಸಿಯೋಥೆರಪಿಸ್ಟ್. ಹಳೇ ರೈಡರ್ ಅವರೇ, ನಿಮ್ಮ ತೊಡೆಗೆ ಬೇಕಾಗಿರುವುದು ಭಾರ ಹೊತ್ತು ನಿಧಾನವಾಗಿ ಉದ್ದವಾಗುವ ಬಗೆಯ ವ್ಯಾಯಾಮ; ಅದನ್ನು ತಿಂಗಳುಗಟ್ಟಲೆ ಸತತವಾಗಿ ಮಾಡದೆ ಅಂಗಳಕ್ಕೆ ಇಳಿಯುವವರೇ ನನ್ನ ಬಳಿಗೆ ಎರಡನೆಯ ಸಲ ಬರುವವರು. ಆದರೆ ಇದೇ ವ್ಯಾಯಾಮ ಡುಶೆನ್ ಮಗುವಿಗೆ ಹಾನಿಕರ. ಅವರ ತಂತುಗಳು ಉದ್ದವಾಗುತ್ತ ಭಾರ ಹೊರುವಾಗಲೇ ಹೆಚ್ಚು ಹರಿಯುತ್ತವೆ. ಮೆಟ್ಟಿಲಿಳಿಸುವುದು, ಬಸ್ಕಿ ಹೊಡೆಸುವುದು ಬೇಡವೆಂದು ತುಂಗಾತೀರ ಅವರ ಮನೆಯವರಿಗೆ ದಯವಿಟ್ಟು ಹೇಳಿ. ಬಲ ಬರಲಿ ಎಂದು ಪ್ರೀತಿಯಿಂದಲೇ ಹೀಗೆ ಮಾಡಿಸುವ ತಾತಂದಿರನ್ನು ಕಂಡಿದ್ದೇನೆ.

ಕೋಶಗಳ ವಿಷಯದಲ್ಲಿ ನನ್ನ ಗಮನ ಸೆಳೆದದ್ದು ಪಿಟ್ಸ್‌ಬರ್ಗಿನ ಸ್ಟೀಫನ್ ಬಾಡಿಲಾಕ್ ಅವರ ತಂಡದ ಕೆಲಸ. ಅಪಘಾತದಲ್ಲೋ ಯುದ್ಧದಲ್ಲೋ ಸ್ನಾಯುವಿನ ದೊಡ್ಡ ಭಾಗವೇ ಕಿತ್ತುಹೋದವರಿಗೆ, ಹಂದಿಯ ಮೂತ್ರಕೋಶದಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದ ಬರಿಯ ಹಂದರವನ್ನು ಅವರು ಆ ಜಾಗದಲ್ಲಿ ಹೊಲಿದರು. ಒಂದು ಕೋಶವನ್ನೂ ಹೊರಗಿನಿಂದ ಹಾಕಲಿಲ್ಲ. ರೋಗಿಯ ಸ್ವಂತ ಕೋಶಗಳು ಆ ಹಂದರಕ್ಕೆ ವಲಸೆ ಬಂದವು. 2014ರ ವರದಿಯಲ್ಲಿ ಐವರಲ್ಲಿ ಮೂವರಿಗೆ ಕೆಲಸ ಮಾಡುವ ಶಕ್ತಿ ಗಮನಾರ್ಹವಾಗಿ ಹೆಚ್ಚಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ಫಿಸಿಯೋಥೆರಪಿಯಿಂದ ಪಡೆಯಬಹುದಾದಷ್ಟನ್ನೂ ಪಡೆದು, ಆಮೇಲೆ ಎರಡು ದಿನದೊಳಗೆ ಮತ್ತೆ ಶುರುಮಾಡಿದ್ದರು ಎಂಬುದನ್ನು ನಮ್ಮ ಕಸುಬಿನ ಅಭಿಮಾನದಿಂದ ಹೇಳುತ್ತೇನೆ. ಎಳೆತ ಬೀಳದಿದ್ದರೆ ಹೊಸ ತಂತು ಯಾವ ದಿಕ್ಕಿಗೆ ಬೆಳೆಯಬೇಕೆಂದು ಅದಕ್ಕೆ ತಿಳಿಯುವುದಿಲ್ಲ.

ನಂದಾದೀಪ

ನಾನು ಇಲ್ಲಿ ಹೆಚ್ಚು ಬರೆಯುವವಳಲ್ಲ. ನನ್ನ ಮಗನಿಗೂ ಇದೇ ಕಾಯಿಲೆ, ಈಗ ಹದಿನಾಲ್ಕು ವರ್ಷ. ಆರು ವರ್ಷಗಳ ಹಿಂದೆ ನಾವು ಇಂಥದೇ ಮಜ್ಜೆಯ ಚುಚ್ಚುಮದ್ದನ್ನು ಮೂರು ಸುತ್ತು ಮಾಡಿಸಿದೆವು. ಮೊದಲ ತಿಂಗಳು ಅವನು ಚುರುಕಾಗಿದ್ದಾನೆ ಎನಿಸಿತು. ದಿನಕ್ಕೆರಡು ಹೊತ್ತು ವ್ಯಾಯಾಮ ಮಾಡಿಸುತ್ತಿದ್ದರು, ಎಲ್ಲರೂ ಅವನ ಸುತ್ತಲೇ ಇದ್ದರು, ನಮ್ಮ ಕಣ್ಣಿಗೂ ಹಾಗೆ ಕಾಣಲೇಬೇಕಿತ್ತು. ನಡಿಗೆಯ ವಿಡಿಯೋ ತೆಗೆದು ತಮ್ಮ ಜಾಹೀರಾತಿಗೆ ಬಳಸಿಕೊಂಡರು. ಒಂದು ವರ್ಷದ ಬಳಿಕ ಅವನು ಗಾಲಿಕುರ್ಚಿಗೆ ಬಂದಾಗ ಯಾರೂ ವಿಡಿಯೋ ತೆಗೆಯಲು ಬರಲಿಲ್ಲ. ಕೈಯಲ್ಲಿ ಉಳಿದದ್ದು ರಸೀತಿಗಳು ಮತ್ತು ಕೋಶಗಳ ಎಣಿಕೆ ಬರೆದಿದ್ದ ಒಂದು ಹಾಳೆ. ಎಣಿಕೆ ಬಹಳ ದೊಡ್ಡದಾಗಿತ್ತು, ಯಾವ ಕೋಶವೆಂದು ಬರೆದಿರಲಿಲ್ಲ.

ತುಂಗಾತೀರ ಅಣ್ಣ, ನಿಮ್ಮ ಅತ್ತಿಗೆಗೆ ಮಾತಾಡಬೇಕೆನಿಸಿದರೆ ಖಾಸಗಿ ಸಂದೇಶ ಕಳಿಸಿ.

ತುಂಗಾತೀರ

ತಂಗಿ, ಖಂಡಿತ ಕಳಿಸುತ್ತೇನೆ. ಪೊರೆಯಂಚು ಅವರೇ, ಒಂದು ಸಂದೇಹ ಉಳಿದಿದೆ. ಕ್ಲಿನಿಕ್ಕಿನವರು ಮಜ್ಜೆಯ ಕೋಶ ಸ್ನಾಯುವಾಗಿ ಬದಲಾಗುತ್ತದೆಂದು ವಿಜ್ಞಾನ ಪತ್ರಿಕೆಗಳಲ್ಲೇ ಬಂದಿದೆ ಎಂದು ಹೇಳಿದರು. ಅದು ಶುದ್ಧ ಸುಳ್ಳೇ?

ಪೊರೆಯಂಚು

ಶುದ್ಧ ಸುಳ್ಳಾಗಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ಮಜ್ಜೆಯ ಕೋಶಗಳು ಗಾಯಗೊಂಡ ಸ್ನಾಯುವಿನಲ್ಲಿ ಸೇರಿಕೊಳ್ಳುವುದನ್ನು 1998ರಲ್ಲಿ ಇಲಿಗಳಲ್ಲಿ ತೋರಿಸಿದ್ದು ನಿಜ. ಎಷ್ಟು ಸೇರುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ಒಂದು ಅಪರೂಪದ ಉದಾಹರಣೆಯಿದೆ. ರೋಗನಿರೋಧಕ ಶಕ್ತಿಯ ಬೇರೊಂದು ಕಾಯಿಲೆಗಾಗಿ ಒಂದು ವರ್ಷದವನಿದ್ದಾಗ ಮಜ್ಜೆಯ ಕಸಿ ಮಾಡಿಸಿಕೊಂಡಿದ್ದ ಹುಡುಗನಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಡುಶೆನ್ ಇದೆಯೆಂದು ತಿಳಿಯಿತು. ಕಸಿಯಾಗಿ ಹದಿಮೂರು ವರ್ಷಗಳ ಬಳಿಕ ಅವನ ಸ್ನಾಯುವಿನ ತುಣುಕನ್ನು ಪರೀಕ್ಷಿಸಿದಾಗ, ದಾನಿಯ ಕೋಶಕೇಂದ್ರಗಳು ನೂರಕ್ಕೆ ಒಂದಕ್ಕಿಂತಲೂ ಕಡಿಮೆ ತಂತುಗಳಲ್ಲಿ ಇದ್ದವು. 2002ರಲ್ಲಿ ಪ್ರಕಟವಾದ ವಿಷಯ ಇದು. ಅಲ್ಲಿ ಮಜ್ಜೆ ಬೇರೆ ಆರೋಗ್ಯವಂತನದು. ನಿಮ್ಮ ಹುಡುಗನಿಗೆ ಕೊಡಲಿರುವುದು ಅವನದೇ ಮಜ್ಜೆ. ಅದರಲ್ಲಿಯೂ ಡಿಸ್ಟ್ರೊಫಿನ್ ಜೀನ್ ಕೆಟ್ಟೇ ಇದೆ. ಅದು ಪೂರ್ತಿಯಾಗಿ ಸ್ನಾಯುವಾಗಿಯೇ ಬದಲಾದರೂ ಹರಿಯುವ ಸ್ನಾಯುವೇ ಆದೀತು. ಕ್ಲಿನಿಕ್ಕಿನವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಮೀಸೆನ್‌ಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರನ್ನೂ ಅವರು ಹೇಳಿರಬಹುದು. 1991ರಲ್ಲಿ ಆ ಹೆಸರನ್ನು ಚಾಲ್ತಿಗೆ ತಂದ ಆರ್ನಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ಈ ಕೋಶಗಳು ದೇಹದೊಳಗೆ ಹೊಸ ಅಂಗಾಂಶವಾಗಿ ಬದಲಾಗುವುದಕ್ಕಿಂತ ಔಷಧದಂಥ ಸಂಕೇತಗಳನ್ನು ಸ್ರವಿಸುತ್ತವೆ, ಆದ್ದರಿಂದ ಹೆಸರು ಬದಲಿಸೋಣ ಎಂದು ಬರೆದರು. ಹೆಸರು ಬದಲಾಗಲಿಲ್ಲ. ಅದಕ್ಕೆ ಮಾರುಕಟ್ಟೆಯೂ ಒಂದು ಕಾರಣವೆಂಬುದು ನನ್ನ ಗುಮಾನಿ.

ಕಾಯಿದೆಕಟ್ಟೆ

ಕಾನೂನಿನ ಕಡೆಯಿಂದ ಎರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳೇ ಮೊದಲಾದ ಒಪ್ಪಿತ ಕಾರಣಗಳಿಗೆ ಮಾಡುವ ರಕ್ತಜನಕ ಆಕರಕೋಶಗಳ ಕಸಿಯನ್ನು ಬಿಟ್ಟರೆ, ಉಳಿದ ಎಲ್ಲ ಆಕರಕೋಶ ಬಳಕೆಯೂ ಸಂಶೋಧನೆ ಎಂದೇ ಪರಿಗಣನೆಯಾಗುತ್ತದೆ. ಅದನ್ನು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ಮಾಡಬೇಕು. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಅದಕ್ಕಾಗಿ ಹಣ ಪಡೆಯುವಂತಿಲ್ಲ. ನಮ್ಮ ದೇಶದ ಪ್ರಯೋಗಗಳು ಸಿ.ಟಿ.ಆರ್.ಐ. ಎಂಬ ಸಾರ್ವಜನಿಕ ನೋಂದಣಿಯಲ್ಲಿ ಇರಬೇಕು. ಅಲ್ಲಿ ಯಾರು ಬೇಕಾದರೂ ಸಂಖ್ಯೆ ಹಾಕಿ ಹುಡುಕಬಹುದು. ನೋಂದಣಿ ಸಂಖ್ಯೆ ಇದೆಯೆಂದ ಮಾತ್ರಕ್ಕೆ ಚಿಕಿತ್ಸೆ ಫಲ ಕೊಡುತ್ತದೆಂದು ಅರ್ಥವಲ್ಲ. ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಸಂಖ್ಯೆಯನ್ನೂ ಕೊಟ್ಟು ಬಿಲ್ಲನ್ನೂ ಕೊಟ್ಟರೆ, ಅಲ್ಲಿಂದ ಎದ್ದು ಬನ್ನಿ.

ಸುಮ್ಮನಿರದವ

ಹಾಗಾದರೆ ನಮ್ಮ ಬೆಂಗಳೂರಿನ ಸಂಸ್ಥೆಗಳು ಏನು ಮಾಡುತ್ತಿವೆ?

ಪೊರೆಯಂಚು

ಬುನಾದಿಯ ಕೆಲಸ ಮಾಡುತ್ತಿವೆ. ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ (ಎನ್.ಸಿ.ಬಿ.ಎಸ್.) ವಿಜ್ಞಾನಿಗಳು 2017ರಲ್ಲಿ, ಬಾಳೆಹಣ್ಣಿನ ಮೇಲೆ ಮುತ್ತುವ ಹಣ್ಣುನೊಣದ ರೆಕ್ಕೆಯ ಸ್ನಾಯುವಿನಲ್ಲಿಯೂ ಸ್ಯಾಟಲೈಟ್ ಕೋಶಗಳಿವೆಯೆಂದು ತೋರಿಸಿದರು. ಅದುವರೆಗೆ ನೊಣಕ್ಕೆ ಅವಿಲ್ಲವೆಂದೇ ತಿಳಿದಿದ್ದರು. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರವಾದ ಸಿ.ಸಿ.ಎಂ.ಬಿ. ಮತ್ತು ಬೆಂಗಳೂರಿನ ಆಕರಕೋಶ ಸಂಶೋಧನಾ ಸಂಸ್ಥೆಯಾದ ಇನ್‌ಸ್ಟೆಮ್‌ನಲ್ಲಿ ಕೆಲಸ ಮಾಡಿದ ಜ್ಯೋತ್ಸ್ನಾ ಧವನ್ ಅವರು, ಸ್ನಾಯುವಿನ ಆಕರಕೋಶ ನಿದ್ದೆಯ ಸ್ಥಿತಿಯಲ್ಲಿ ಹೇಗೆ ಉಳಿಯುತ್ತದೆ ಎಂಬುದನ್ನು ದಶಕಗಳಿಂದ ಅಭ್ಯಾಸ ಮಾಡಿದವರು. ಕೋಶವನ್ನು ಬೆಳೆಸಿಯೂ ಅದರ ಆಕರಗುಣ ಕೆಡದಂತೆ ಇಡಬೇಕಾದರೆ ಆ ನಿದ್ದೆಯ ಗುಟ್ಟೇ ಬೇಕು.

ಮುಂದಿನ ದಾರಿ ಯಾವುದೆಂದು ಕೇಳಿದರೆ, ಚರ್ಮದ ಅಥವಾ ರಕ್ತದ ಕೋಶವನ್ನು ಜಪಾನಿನ ವಿಜ್ಞಾನಿ ಯಮನಾಕಾ ಅವರ ವಿಧಾನದಿಂದ ಭ್ರೂಣಾವಸ್ಥೆಗೆ ಮರಳಿಸಿ, ಜೀನಿನ ದೋಷವನ್ನು ತಿದ್ದಿ, ಅದರಿಂದ ಸ್ನಾಯುವಿನ ಆಕರಕೋಶ ಮಾಡುವುದು ಎನ್ನುತ್ತೇನೆ. ಸ್ನಾಯುವಿನ ಕೋಶವಾಗಿ ಮಾರ್ಪಡದ ಒಂದು ಕೋಶ ಅದರಲ್ಲಿ ಉಳಿದುಕೊಂಡರೂ ಗೆಡ್ಡೆಯಾಗುವ ಭಯವಿದೆ, ಮೈಯೆಲ್ಲ ಹರಡಿಸುವ ಸಮಸ್ಯೆಯೂ ಹಾಗೆಯೇ ಇದೆ.

ಮಂಡಿಚಿಪ್ಪು

ಆ ದಾರಿ ಬರುವವರೆಗೆ ಹುಡುಗನ ಕೀಲುಗಳು ಬಿಗಿಯಾಗದಂತೆ ನೋಡಿಕೊಳ್ಳಬೇಕಲ್ಲ. ತುಂಗಾತೀರ ಅವರೇ, ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದಾರೆಯೇ? ರಾತ್ರಿ ಪಾದಕ್ಕೆ ಆಸರೆಯ ಸ್ಪ್ಲಿಂಟ್ ಹಾಕುತ್ತಿದ್ದಾರೆಯೇ? ಹೃದಯದ ಎಕೋ ಕೊನೆಯ ಸಲ ಯಾವಾಗ ಆಯಿತು?

ತುಂಗಾತೀರ

ಮಾತ್ರೆ ಕೊಡುತ್ತಿದ್ದರು, ಮುಖ ಊದಿಕೊಂಡಿತೆಂದು ಅತ್ತಿಗೆ ಎರಡು ತಿಂಗಳ ಹಿಂದೆ ನಿಲ್ಲಿಸಿದರಂತೆ, ವೈದ್ಯರಿಗೂ ಹೇಳಿಲ್ಲ. ಸ್ಪ್ಲಿಂಟ್ ಚಿಕ್ಕದಾಗಿದೆ. ಎಕೋ ಎರಡು ವರ್ಷದ ಹಿಂದೆ ಆದದ್ದು.

ಮಂಡಿಚಿಪ್ಪು

ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ನಾಳೆಯೇ ವೈದ್ಯರಿಗೆ ಫೋನ್ ಮಾಡಿ ತಿಳಿಸಿ, ಸೋಮವಾರದವರೆಗೆ ಕಾಯಬೇಡಿ.

ತುಂಗಾತೀರ

ನಿನ್ನೆ ಬೆಳಗ್ಗೆ ಫೋನ್ ಮಾಡಿದೆವು. ಗುರುವಾರ ಬರಲು ಹೇಳಿದ್ದಾರೆ, ಎಕೋ ಕೂಡ ಅಂದೇ. ಕ್ಲಿನಿಕ್ಕಿಗೂ ಅಣ್ಣನೇ ಫೋನ್ ಮಾಡಿ ಸಿ.ಟಿ.ಆರ್.ಐ. ಸಂಖ್ಯೆ ಕೇಳಿದ. ಕಳಿಸುತ್ತೇವೆ ಎಂದವರು ಸಂಜೆ ಕಳಿಸಿದ್ದು ಹಬ್ಬದ ರಿಯಾಯಿತಿಯ ದರಪಟ್ಟಿ. ಅಣ್ಣ ಅದನ್ನು ಎರಡು ಸಲ ಓದಿ ಮಡಚಿಟ್ಟಿದ್ದಾನೆ. ತೋಟದ ಮಾತನ್ನು ಇನ್ನೂ ಕೈಬಿಟ್ಟಿಲ್ಲ. ನಂದಾದೀಪ ಅವರೊಂದಿಗೆ ಅತ್ತಿಗೆ ನಿನ್ನೆ ರಾತ್ರಿ ಒಂದು ಗಂಟೆ ಮಾತಾಡಿದರು. ಎಕೋದ ವರದಿ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.